ಪಾಚಿಗೆ ಊಟ ಹಾಕುತ್ತಿರುವವರು ಯಾರು?

(ಮುಂಬಯಿಯ ಮಾಟುಂಗದಲ್ಲಿ ನಮ್ಮ ಕನ್ನಡ ಬಳಗದವರು ಸೇರಿದಾಗ ಆಡಿದ ಮಾತು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಅವತ್ತು ಬಾಯಿಲೆಕ್ಕದಲ್ಲಿ ತಪ್ಪಿದ ಒಂದೆರಡು ಅಂಕಿಗಳನ್ನು ಇಲ್ಲಿ ಸರಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ, ಸಾಲದ್ದಕ್ಕೆ ರಿಪೇರಿಗೆ ಅಂತ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್. ಆದರೂ ಇಷ್ಟು ಜನ ಬಂದಿದ್ದೀರಿ. ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರೊಬ್ಬರು ಮೀನಿನ ಅಡುಗೆಯ ಬಗ್ಗೆ ಮಾತು ಅಂದುಕೊಂಡು ಬಂದಿದ್ದರಂತೆ. ಅವರ ಕ್ಷಮೆ ಕೇಳುತ್ತೇನೆ. ಇವತ್ತಿನ ಮಾತು ಸಮುದ್ರದ ಮೀನನ್ನು ಮನೆಯಲ್ಲಿ ಸಾಕುವುದರ ಬಗ್ಗೆ. ಅದರಲ್ಲೂ ಮೀನಿಗಿಂತ ಜಾಸ್ತಿ, ಆ ಟ್ಯಾಂಕಿನಲ್ಲಿ ಕರೆಯದೆ ಬಂದು ಕೂರುವ ಪಾಚಿಯ ಬಗ್ಗೆ.

ನಾನು ವಿಜ್ಞಾನ ಓದಿದವನಲ್ಲ. ಊರು ಕುಂದಾಪುರದ ಕಡೆ. ಹತ್ತನೇ ಕ್ಲಾಸು ಮುಗಿಸಿ ಮುಂಬಯಿಗೆ ಬಂದೆ. ಹೋಟೆಲಿನಲ್ಲಿ ಕಪ್ಪು ತೊಳೆಯುವುದರಿಂದ ಶುರುಮಾಡಿ ಕೊನೆಗೆ ಗಲ್ಲಾದಲ್ಲಿ ಕೂತೆ. ಈಗ ಮಗ ಕೂರುತ್ತಾನೆ, ನಾನು ಡೊಂಬಿವಲಿಯ ಮನೆಯಲ್ಲಿ ಟ್ಯಾಂಕಿನ ಮುಂದೆ ಕೂರುತ್ತೇನೆ. 200 ಲೀಟರ್ ಉಪ್ಪುನೀರು. ಎರಡು ಕ್ಲೌನ್ ಮೀನು, ಒಂದು ಬ್ಲೆನಿ ಮೀನು, ಒಂದು ಸೀಗಡಿ, ಒಂದಿಷ್ಟು ಮೆತ್ತನೆಯ ಹವಳ. ಗಟ್ಟಿ ಹವಳ ಇಟ್ಟಿಲ್ಲ. ನಮ್ಮ ಕಡಲಿನ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯಡಿ ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ. ಕೆಲವು ಜಾತಿಯ ಶಂಖ-ಚಿಪ್ಪುಗಳಿಗೂ ಕಾಯ್ದೆ ಅನ್ವಯಿಸುತ್ತದೆ. ಹಾಗಾಗಿ ಯಾರಾದರೂ ಅಗ್ಗಕ್ಕೆ ಸಮುದ್ರದಿಂದ ಕಿತ್ತ ಜೀವಂತ ಕಲ್ಲು, ಅಂದರೆ ಜೀವಿಗಳು ಅಂಟಿರುವ ಹವಳದ ಕಲ್ಲು, ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ಒಣ ಕಲ್ಲು ಸಿಗುತ್ತದೆ, ಅದೇ ಸಾಕು.

ನಮ್ಮ ಊರಿನವರಿಗೆ ಪಾಚಿ ಹೊಸದಲ್ಲ. ಆಷಾಢ ಬಂತೆಂದರೆ ಅಂಗಳ, ಬಾವಿಕಟ್ಟೆ, ಬಚ್ಚಲಿನ ಮೆಟ್ಟಿಲು ಎಲ್ಲ ಹಸಿರು. ಅಮ್ಮ ಹಿಡಿಸೂಡಿಯಲ್ಲಿ ಗಸಗಸ ಉಜ್ಜುತ್ತಿದ್ದಳು. ನಾಲ್ಕು ದಿನಕ್ಕೆ ಮತ್ತೆ ಜಾರಿಕೆ. ಬಾವಿಕಟ್ಟೆಯ ಒಂದು ಮೂಲೆಯಲ್ಲಿ ಮಾತ್ರ ಬೇಸಿಗೆಯಲ್ಲೂ ಪಾಚಿ ಇರುತ್ತಿತ್ತು. ಯಾಕೆಂದರೆ ಅಲ್ಲೇ ನಾವು ಅಕ್ಕಿ ತೊಳೆದ ನೀರು ಚೆಲ್ಲುತ್ತಿದ್ದೆವು. ಇದು ನನಗೆ ಹೊಳೆಯಲು ನಲವತ್ತು ವರ್ಷ ಮತ್ತು ಒಂದು ಟ್ಯಾಂಕು ಬೇಕಾಯಿತು.

ಟ್ಯಾಂಕ್ ಇಟ್ಟ ಮೊದಲ ವರ್ಷ ಕಲ್ಲುಗಳ ಮೇಲೆ ಹಸಿರು ಕೂದಲು ಬಂತು. ಕೂದಲು ಅಂದರೆ ಕೂದಲೇ. ನೀರಿನ ಹರಿವಿಗೆ ಅತ್ತಿತ್ತ ಓಲಾಡುತ್ತದೆ, ನೋಡಲು ಚಂದ. ಎರಡು ವಾರದಲ್ಲಿ ಬೆರಳುದ್ದ ಆಯಿತು. ಪ್ರತಿ ಭಾನುವಾರ ಹಳೆ ಟೂತ್‌ಬ್ರಶ್ ಹಿಡಿದು ಉಜ್ಜಿದೆ. ಗುರುವಾರದ ಹೊತ್ತಿಗೆ ಮೊದಲಿನಂತೆ. ಅಂಗಡಿಗೆ ಹೋದೆ. ಒಂದು ಬಾಟಲಿ ಕೊಟ್ಟರು. ಮತ್ತೆ ಹೋದೆ. ಇನ್ನೊಂದು ಬಾಟಲಿ ಕೊಟ್ಟರು.

ಆಗ ನೆನಪಾದದ್ದು ಹೋಟೆಲಿನ ಮೋರಿ. ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಪ್ಲಂಬರ್ ಬಂದು ಸ್ಪ್ರಿಂಗ್ ಹಾಕಿ ತಿರುಗಿಸಿ ದುಡ್ಡು ತಗೊಂಡು ಹೋಗುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಒಂದು ರಾತ್ರಿ ಗಲ್ಲಾ ಮುಚ್ಚಿ ಒಳಗೆ ಹೋಗಿ ನೋಡಿದರೆ, ಹೊಸ ಹುಡುಗ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ನೇರ ಸಿಂಕಿಗೆ ಸುರಿಯುತ್ತಿದ್ದಾನೆ. ಪಕ್ಕದಲ್ಲಿ ಒಂದು ಖಾಲಿ ಡಬ್ಬ ಇಟ್ಟು ಇದರಲ್ಲಿ ಹಾಕು ಅಂದೆ. ಪ್ಲಂಬರ್ ಬರುವುದು ನಿಂತಿತು. ಅವನಿಗೆ ನನ್ನ ಮೇಲೆ ಇವತ್ತಿಗೂ ಸಿಟ್ಟು.

ಟ್ಯಾಂಕಿನ ಮುಂದೆ ಕೂತು ಅದೇ ಪ್ರಶ್ನೆ ಕೇಳಿಕೊಂಡೆ. ಇಲ್ಲಿ ಎಣ್ಣೆ ಸುರಿಯುತ್ತಿರುವವರು ಯಾರು? ಬೇರೆ ಯಾರು, ನಾನೇ.

ಲೆಕ್ಕ ನೋಡೋಣ. ಸ್ವಲ್ಪ ಬೇಜಾರಾದರೂ ಕೇಳಿ, ಇವತ್ತಿನ ಮಾತಿನ ತಿರುಳು ಇದೇ. ಮೀನಿನ ಒಣ ಆಹಾರದಲ್ಲಿ ಸಾಮಾನ್ಯವಾಗಿ ನೂರಕ್ಕೆ 45 ಭಾಗದಷ್ಟು ಪ್ರೋಟೀನ್ ಇರುತ್ತದೆ, ಡಬ್ಬದ ಮೇಲೆ ಬರೆದಿರುತ್ತಾರೆ. ಪ್ರೋಟೀನಿನಲ್ಲಿ ಆರರಲ್ಲಿ ಒಂದು ಪಾಲು ಸಾರಜನಕ. ಅಂದರೆ ಒಂದು ಗ್ರಾಂ ಆಹಾರದಲ್ಲಿ ಸುಮಾರು 72 ಮಿಲಿಗ್ರಾಂ ಸಾರಜನಕ. ಮೀನು ತಿಂದರೂ ಅಷ್ಟೇ, ತಿನ್ನದೆ ಕೊಳೆತರೂ ಅಷ್ಟೇ, ಮೊದಲು ಅಮೋನಿಯಾ, ಆಮೇಲೆ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ ಕೊನೆಗೆ ನೈಟ್ರೇಟ್ ಮಾಡುತ್ತವೆ. ಎಲ್ಲವೂ ನೈಟ್ರೇಟ್ ಆಯಿತು ಅಂದುಕೊಂಡರೆ ಅದು ಸುಮಾರು 320 ಮಿಲಿಗ್ರಾಂ. ನನ್ನ 200 ಲೀಟರಿನಲ್ಲಿ ಹಂಚಿದರೆ ಲೀಟರಿಗೆ 1.6 ಮಿಲಿಗ್ರಾಂ, ನಮ್ಮ ಭಾಷೆಯಲ್ಲಿ 1.6 ಪಿಪಿಎಂ. ದಿನಕ್ಕೆ ಒಂದು ಗ್ರಾಂ ಹಾಕಿದರೆ ಇದು ಒಂದು ದಿನದ ಲೆಕ್ಕ. ವಾರಕ್ಕೆ 11.

ಫಾಸ್ಫೇಟ್ ಇನ್ನೂ ಕಷ್ಟ. ಆಹಾರದಲ್ಲಿ ನೂರಕ್ಕೆ ಒಂದು ಭಾಗ ರಂಜಕ ಅಂತ ಹಿಡಿಯಿರಿ. ಒಂದು ಗ್ರಾಮಿನಿಂದ 30 ಮಿಲಿಗ್ರಾಂ ಫಾಸ್ಫೇಟ್ ಬರುತ್ತದೆ. 200 ಲೀಟರಿಗೆ ಅದು 0.15 ಪಿಪಿಎಂ. ನಾವೆಲ್ಲ ಟ್ಯಾಂಕಿನಲ್ಲಿ ಫಾಸ್ಫೇಟ್ 0.03ರಿಂದ 0.1ರ ನಡುವೆ ಇರಲಿ ಅಂತ ಒದ್ದಾಡುವವರು. ಒಂದೇ ಒಂದು ಗ್ರಾಂ, ಅಂದರೆ ಒಂದು ಸಣ್ಣ ಚಿಟಿಕೆ, ಆ ಗೆರೆ ದಾಟಿಸುತ್ತದೆ. ಒಂದಷ್ಟನ್ನು ಮೀನು ಮೈಗೆ ಹತ್ತಿಸಿಕೊಳ್ಳುತ್ತದೆ, ಒಂದಷ್ಟನ್ನು ಕಲ್ಲು ಹೀರುತ್ತದೆ, ನಿಜ. ಆದರೆ ಕಲ್ಲು ಹೀರಿದ್ದು ಎಲ್ಲೂ ಹೋಗುವುದಿಲ್ಲ. ನೀರಿನಲ್ಲಿ ಕಡಿಮೆಯಾದಾಗ ನಿಧಾನಕ್ಕೆ ವಾಪಸ್ ಬಿಡುತ್ತದೆ. ಮೂರು ನಾಲ್ಕು ವರ್ಷದ ಹಳೆ ಟ್ಯಾಂಕಿನಲ್ಲಿ ಇದ್ದಕ್ಕಿದ್ದಂತೆ ಪಾಚಿ ಬಂತು ಅನ್ನುವವರ ಕಥೆ ಎಷ್ಟೋ ಸಲ ಇದೇ.

ನಾನು ಎಷ್ಟು ಹಾಕುತ್ತಿದ್ದೆ? ನನಗೇ ಗೊತ್ತಿರಲಿಲ್ಲ. ಬಂಗಾರದ ಅಂಗಡಿಯವರು ಬಳಸುವಂಥ ಚಿಕ್ಕ ತಕ್ಕಡಿ ತಂದು, ದಿನಾ ಹಾಕುವ ಚಿಟಿಕೆಯನ್ನು ಅದರ ಮೇಲೆ ಉದುರಿಸಿದೆ. 1.4 ಗ್ರಾಂ. ಬೆಳಿಗ್ಗೆ ಒಂದು ಚಿಟಿಕೆ, ರಾತ್ರಿ ಒಂದು. ಮಧ್ಯಾಹ್ನ ಮೊಮ್ಮಗಳು ಹಾಕುತ್ತಿದ್ದದ್ದು ಬೇರೆ, ಅದು ನನಗೆ ಆಮೇಲೆ ಗೊತ್ತಾಯಿತು. ಬೆರಳುದ್ದದ ಮೂರು ಮೀನಿಗೆ ಮದುವೆ ಊಟ!

ಫ್ರೀಜ್ ಮಾಡಿದ ಸೀಗಡಿ ಹಾಕುವವರು ಇನ್ನೊಂದು ಮಾಡಿ. ಆ ಐಸ್ ತುಂಡನ್ನು ನೇರ ಟ್ಯಾಂಕಿಗೆ ಬಿಡಬೇಡಿ. ಟೀ ಸೋಸುವ ಜರಡಿಯಲ್ಲಿ ಇಟ್ಟು ಕರಗಲು ಬಿಡಿ, ಕೆಳಗೆ ಇಳಿಯುವ ಮಬ್ಬು ನೀರನ್ನು ನೋಡಿ. ಅದನ್ನು ಮೀನು ತಿನ್ನುವುದಿಲ್ಲ, ಪಾಚಿ ಕುಡಿಯುತ್ತದೆ. ನಮ್ಮ ಮನೆಯಲ್ಲಿ ಆ ನೀರು ಕರಿಬೇವಿನ ಕುಂಡಕ್ಕೆ ಹೋಗುತ್ತದೆ. ಜರಡಿ ಮಾತ್ರ ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಟೀ ಮಾಡುವವರ ಕೈಯಲ್ಲಿ ನನ್ನಂತೆ ಬೈಸಿಕೊಳ್ಳುತ್ತೀರಿ.

ಇಲ್ಲೊಂದು ಮೋಸ ಇದೆ. ಕಲ್ಲಿನ ತುಂಬ ಪಾಚಿ ಇದ್ದಾಗ ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಅಂತ ಬರಬಹುದು. ನೀರು ಶುದ್ಧವಾಗಿದೆಯಲ್ಲ, ಮತ್ತೆ ಪಾಚಿ ಯಾಕೆ ಅಂತ ಜನ ತಲೆ ಕೆರೆದುಕೊಳ್ಳುತ್ತಾರೆ. ತಟ್ಟೆ ಖಾಲಿ ಇದೆ ಅಂದರೆ ಊಟ ಬಡಿಸಿಲ್ಲ ಅಂತಲ್ಲ ಮಾರಾಯ್ರೆ. ಉಂಡು ಮುಗಿಸಿದ್ದಾರೆ ಅಂತ.

ಇನ್ನು ನೀರಿನ ವಿಷಯ. ಟ್ಯಾಂಕಿನಿಂದ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ತುಂಬಿಸುವಾಗ ಸಿಹಿನೀರು ಹಾಕಬೇಕು. ನನ್ನಲ್ಲಿ ದಿನಕ್ಕೆ ಎರಡು ಲೀಟರ್ ಹೋಗುತ್ತದೆ, ವರ್ಷಕ್ಕೆ 730. ಮೊದಲು ನಲ್ಲಿಯ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿ ಸುರಿಯುತ್ತಿದ್ದೆ. ಮೀಟರ್ ಹಿಡಿದರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣ-ಖನಿಜಗಳ ಅಳತೆ, 80 ತೋರಿಸುತ್ತಿತ್ತು. ಕುಡಿಯಲು ಒಳ್ಳೆ ನೀರು. ಆದರೆ 730 ಲೀಟರಿಗೆ ಲೀಟರಿಗೆ 80 ಮಿಲಿಗ್ರಾಂ ಅಂದರೆ ವರ್ಷಕ್ಕೆ 58 ಗ್ರಾಂ ಏನೇನೋ ಟ್ಯಾಂಕಿನಲ್ಲಿ ಕೂತಿತು. ಹೆಚ್ಚಿನದು ಸುಣ್ಣದಂಥ ನಿರುಪದ್ರವಿ. ಉಳಿದದ್ದರಲ್ಲಿ ಸಿಲಿಕೇಟ್, ನೈಟ್ರೇಟ್ ಇರುತ್ತವೆ. ಅಡುಗೆಮನೆಯ ಪ್ಯೂರಿಫೈಯರ್ ನೀರು ಆಗುತ್ತಾ ಅಂತ ಕೇಳುತ್ತೀರಿ. ನಲ್ಲಿಗಿಂತ ವಾಸಿ. ಆದರೆ ಅವುಗಳಲ್ಲಿ ಹಲವು ರುಚಿಗೆ ಅಂತ ಖನಿಜವನ್ನು ವಾಪಸ್ ಸೇರಿಸುತ್ತವೆ. ನಮಗೆ ಬೇಕಾದದ್ದು ಆರ್‌ಒ ಮೆಂಬ್ರೇನ್ ದಾಟಿ, ಆಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿ ಬಂದ, ಮೀಟರಿನಲ್ಲಿ ಸೊನ್ನೆ ತೋರಿಸುವ ನೀರು. ಸೊನ್ನೆ ಬಿಟ್ಟು ಮೇಲೇರಲು ಶುರುವಾದರೆ ರೆಸಿನ್ ಮುಗಿಯಿತು, ಬದಲಾಯಿಸಿ.

ಈಗ ಪಾಚಿಯ ಜಾತಿಗಳು. ಎಲ್ಲ ಪಾಚಿಗೂ ಒಂದೇ ಮದ್ದು ಕೊಡುವ ಬಾಟಲಿಯನ್ನು ನಂಬಬೇಡಿ. ಯಾವುದು ಅಂತ ಮೊದಲು ಗೊತ್ತಾಗಬೇಕು.

ಹೊಸ ಟ್ಯಾಂಕಿನಲ್ಲಿ ಮರಳಿನ ಮೇಲೆ ಕಂದು ಹುಡಿ ಬಿದ್ದಂತೆ ಕಂಡರೆ ಅದು ಡಯಾಟಮ್. ಮೈಮೇಲೆ ಗಾಜಿನಂಥ ಸಿಲಿಕಾ ಚಿಪ್ಪು ಇರುವ ಜೀವಿ. ಸಿಲಿಕೇಟ್ ಮುಗಿದರೆ ತಾನಾಗಿ ಹೋಗುತ್ತದೆ. ಸುಮ್ನೆ ಬಿಡಿ.

ಮರಳಿನ ಮೇಲೆ ಕೆಂಪು-ನೇರಳೆ ಬಣ್ಣದ ಲೋಳೆ, ಚಾಪೆಯಂತೆ ಎತ್ತಿದರೆ ಎದ್ದು ಬರುತ್ತದೆ, ಮೇಲೆ ಗಾಳಿಗುಳ್ಳೆ. ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಇವತ್ತು ನಾವು ಉಸಿರಾಡುವ ಆಮ್ಲಜನಕವನ್ನು ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಗೆ ತುಂಬಿಸಲು ಶುರುಮಾಡಿದ್ದು ಇದರ ಪೂರ್ವಜರು. ಅಂಥ ಘನವಂತರು ನನ್ನ ಮನೆಯ ಹಾಲ್‌ಗೆ ಬಂದು ಮರಳಿನ ಮೇಲೆ ಮಲಗಿದ್ದಾರೆ ಅಂತ ಒಮ್ಮೆ ಕೈಮುಗಿದೆ, ಆಮೇಲೆ ಪೈಪ್ ಹಿಡಿದು ಹೀರಿದೆ. ನೀರಿನ ಓಡಾಟ ಕಡಿಮೆ ಇರುವ ಮೂಲೆಯಲ್ಲಿ, ಕೊಳೆ ಕೂರುವ ಕಡೆ ಇದು ಬರುತ್ತದೆ. ಪಂಪಿನ ಮುಖ ಆ ಕಡೆ ತಿರುಗಿಸುವುದೇ ಅರ್ಧ ಮದ್ದು. ಮೂರು ದಿನ ದೀಪ ಆರಿಸಿ ಟ್ಯಾಂಕಿಗೆ ಬಟ್ಟೆ ಹೊದಿಸಿದರೆ ಸೊರಗುತ್ತದೆ. ಕೆಲವರು ಆಂಟಿಬಯೋಟಿಕ್ ಹಾಕುತ್ತಾರೆ. ಅದು ಬ್ಯಾಕ್ಟೀರಿಯಾ ಆದ್ದರಿಂದ ಸಾಯುತ್ತದೆ, ನಿಜ. ಆದರೆ ಅಮೋನಿಯಾ ತಿನ್ನುವವೂ ಬ್ಯಾಕ್ಟೀರಿಯಾಗಳೇ ಅಲ್ವಾ? ಆ ನೀರು ಕೊನೆಗೆ ಮೋರಿಗೇ ಹೋಗುತ್ತದೆ ಅಲ್ವಾ? ನಾನು ಹಾಕುವುದಿಲ್ಲ.

ಹಸಿರು ಗೋಲಿ ಥರ ಹೊಳೆಯುವ ಗುಳ್ಳೆ, ವಲೋನಿಯಾ. ಒಂದು ಗೋಲಿ ಪೂರ್ತಿ ಒಂದೇ ಜೀವಕೋಶ ಅಂದರೆ ನಂಬುತ್ತೀರಾ? ಟ್ಯಾಂಕಿನೊಳಗೆ ಒಡೆಯಬೇಡಿ, ಅದರಿಂದ ಹೊಸ ಗುಳ್ಳೆಗಳು ಹರಡಬಹುದು. ಕಲ್ಲನ್ನೇ ಹೊರಗೆ ತೆಗೆದು, ಸ್ಕ್ರೂಡ್ರೈವರ್ ತುದಿಯಿಂದ ಬುಡಸಮೇತ ಎಬ್ಬಿಸಿ. ಬ್ರಯಾಪ್ಸಿಸ್ ಅನ್ನುವುದು ಜರಿಗಿಡದ ಎಲೆಯಂತೆ, ಗರಿಗರಿ. ಇದನ್ನು ಉಜ್ಜಿದರೂ ಹೋಗದು, ಉಪವಾಸ ಕೆಡವಿದರೂ ಜಗ್ಗದು. ಮನುಷ್ಯರಿಗೆ ಫಂಗಸ್ ಆದಾಗ ಕೊಡುವ ಫ್ಲೂಕೊನಜೋಲ್ ಇದರ ಮೇಲೆ ಕೆಲಸ ಮಾಡುತ್ತದೆ ಅನ್ನುವುದು ಈ ಹವ್ಯಾಸದವರೆಲ್ಲ ಬಲ್ಲ ಸಂಗತಿ. ಆದರೆ ಸತ್ತ ಪಾಚಿ ಕೊಳೆತು, ತಿಂದದ್ದನ್ನೆಲ್ಲ ನೀರಿಗೇ ಕಕ್ಕುತ್ತದೆ. ಮದ್ದು ಹಾಕುವ ಮೊದಲು ಕೈಯಲ್ಲಿ ಕಿತ್ತಷ್ಟು ಕಿತ್ತುಬಿಡಿ.

ಕಲ್ಲಿನ ಮೇಲೆ ಗುಲಾಬಿ ಬಣ್ಣದ ಸುಣ್ಣ ಬಳಿದಂತೆ ಕಂಡರೆ ಅದನ್ನು ಮುಟ್ಟಬೇಡಿ. ಅದು ಕೋರಲೈನ್, ಅದೂ ಪಾಚಿಯೇ, ನಮ್ಮ ಕಡೆಯವನು. ಅದು ಹಿಡಿದ ಜಾಗದಲ್ಲಿ ಬೇರೆಯವರಿಗೆ ಸೀಟು ಸಿಗುವುದಿಲ್ಲ, ವಿರಾರ್ ಲೋಕಲ್ ರೈಲಿನ ಹಾಗೆ.

ಈಗ ನನ್ನ ದೊಡ್ಡ ಮಣ್ಣು ತಿಂದ ಕಥೆ.

ಊಟ ಕಡಿಮೆ ಮಾಡಿದೆ, ನೀರು ಬದಲಾಯಿಸಿದೆ, ಹಸಿರು ಕೂದಲು ಕಡಿಮೆಯಾಗುತ್ತಾ ಬಂತು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ನನಗೆ ಪೂರ್ತಿ ಹೋಗಬೇಕು ಅನ್ನುವ ಹಟ. ಫಾಸ್ಫೇಟ್ ಹೀರುವ ಕಬ್ಬಿಣದ ಕಾಳು, ಜಿಎಫ್‌ಒ ಅನ್ನುತ್ತಾರೆ, ತುಕ್ಕಿನ ಬಣ್ಣದ್ದು. ಡಬ್ಬದ ಮೇಲೆ ಇಷ್ಟು ಚಮಚ ಅಂತ ಬರೆದಿತ್ತು. ನಾನು ಅರ್ಧ ಡಬ್ಬ ಹಾಕಿದೆ. ಹೋಟೆಲಿನವನ ಕೈ, ಧಾರಾಳ. ಹತ್ತು ದಿನದಲ್ಲಿ ಫಾಸ್ಫೇಟ್ ಸೊನ್ನೆ, ನೈಟ್ರೇಟ್ ಸೊನ್ನೆ. ಕಲ್ಲು ಬೆಳ್ಳಗೆ ಹೊಳೆಯಿತು. ಬಂದವರಿಗೆಲ್ಲ ತೋರಿಸಿದೆ.

ಹದಿನೈದನೇ ದಿನ ಕಲ್ಲಿನ ತುದಿಗೆ ಕಂದು ಬಣ್ಣದ ಎಳೆಗಳು. ನೆಗಡಿಯಾದ ಮಗುವಿನ ಮೂಗಿನ ಥರ, ಹೇಳಿದರೆ ಹೇಸಿಗೆ, ಆದರೆ ಅದೇ ಸರಿಯಾದ ಹೋಲಿಕೆ. ಪ್ರತಿ ಎಳೆಯ ತುದಿಗೆ ಒಂದು ಗಾಳಿಗುಳ್ಳೆ. ರಾತ್ರಿ ದೀಪ ಆರಿದ ಮೇಲೆ ಕಡಿಮೆಯಾಗುತ್ತದೆ, ಬೆಳಿಗ್ಗೆ ಸ್ವಲ್ಪ, ಸಂಜೆ ಹೊತ್ತಿಗೆ ಎಲ್ಲ ಕಡೆ. ಅಲ್ಲಿಂದ ನಾಲ್ಕನೇ ದಿನ, ಪಾಚಿ ಮೇಯಲು ಬಿಟ್ಟಿದ್ದ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ತಿರುಗಿಸಿ ಇಟ್ಟೆ. ಮತ್ತೆ ಬಿದ್ದವು. ವಾರದಲ್ಲಿ ಹನ್ನೊಂದರಲ್ಲಿ ಒಂಬತ್ತು ಸತ್ತವು.

ಇದು ಡೈನೋಫ್ಲಾಜೆಲೇಟ್, ಚಿಕ್ಕದಾಗಿ ಡೈನೋ. ಮನೆಯಲ್ಲೇ ಗುರುತಿಸಲು ಒಂದು ಉಪಾಯ ಇದೆ. ಆ ಲೋಳೆಯನ್ನು ಒಂದು ಬಾಟಲಿ ಟ್ಯಾಂಕ್ ನೀರಿನಲ್ಲಿ ಹಾಕಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರಿನಲ್ಲಿ ಸೋಸಿ. ಸೋಸಿದ ನೀರು ತಿಳಿಯಾಗಿ ಕಾಣುತ್ತದೆ. ಅದನ್ನು ದೀಪದ ಕೆಳಗೆ ಒಂದು ಗಂಟೆ ಇಡಿ. ಮತ್ತೆ ಎಳೆ ಕಟ್ಟಿಕೊಂಡರೆ ಅದು ಡೈನೋ. ಕಾಫಿ ಫಿಲ್ಟರ್ ಅಂದಾಗ ನಾನು ನಮ್ಮ ಸ್ಟೀಲ್ ಫಿಲ್ಟರ್ ತೆಗೆದುಕೊಂಡಿದ್ದೆ. ಅದಲ್ಲ, ಕಾಗದದ್ದು! ಮನೆಯಲ್ಲಿ ಎರಡು ದಿನ ಯಾರೂ ಕಾಫಿ ಕುಡಿಯಲಿಲ್ಲ.

ಮೊಮ್ಮಗಳ ಸ್ಕೂಲಿನ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ಇಟ್ಟು ನೋಡಿದೆವು. ಹುಣಸೆಬೀಜಕ್ಕೆ ಒಂದು ಕಡೆ ಚೂಪು ಮಾಡಿದಂತೆ, ಹನಿಯ ಆಕಾರ. ಚೂಪು ತುದಿಯನ್ನು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒಂದೇ ಜಾಗದಲ್ಲಿ ಗಿರಗಿರ ತಿರುಗುತ್ತಿತ್ತು. ಹೀಗೆ ತಿರುಗುವುದು ಆಸ್ಟ್ರಿಯೋಪ್ಸಿಸ್. ಇದರಲ್ಲಿ ವಿಷ ಇರುತ್ತದೆ. 2005ರಲ್ಲಿ ಇಟಲಿಯ ಜಿನೋವಾ ತೀರದಲ್ಲಿ ಇದು ಸಮುದ್ರದಲ್ಲೇ ಹೆಚ್ಚಾಗಿ, ಗಾಳಿಯಲ್ಲಿ ಸೇರಿದ ತುಂತುರಿನಿಂದಲೇ ಸುಮಾರು 200 ಜನ ಜ್ವರ, ಕೆಮ್ಮು ಅಂತ ವೈದ್ಯರ ಬಳಿ ಹೋಗಬೇಕಾಯಿತು. ನನ್ನ ಬಸವನಹುಳು ಸತ್ತದ್ದರಲ್ಲಿ ಆಶ್ಚರ್ಯ ಇಲ್ಲ.

ಯಾಕೆ ಬಂತು? ಎಲ್ಲರನ್ನೂ ಉಪವಾಸ ಕೆಡವಿದ್ದರಿಂದ. ಹಸಿರು ಪಾಚಿ, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಊಟವಿಲ್ಲದೆ ಸೊರಗಿದಾಗ, ಬೇರೆ ದಾರಿಯಲ್ಲಿ ಬದುಕಬಲ್ಲ ಡೈನೋಗೆ ಜಾಗ ಖಾಲಿಯಾಯಿತು. ಡೈನೋಗಳಲ್ಲಿ ಕೆಲವು ಬೆಳಕಿನಿಂದಲೂ ಬದುಕುತ್ತವೆ, ಬೇರೆ ಜೀವಿಗಳನ್ನು ತಿಂದೂ ಬದುಕುತ್ತವೆ. ತಮಾಷೆ ಏನೆಂದರೆ ಹವಳದ ಮೈಯೊಳಗೆ ಇದ್ದು ಅದಕ್ಕೆ ಊಟ ಕೊಡುವುದೂ ಡೈನೋಗಳ ಬಂಧುವೇ. ಮನೆ ಮುರಿಯುವವನೂ ಮನೆ ನಡೆಸುವವನೂ ಒಂದೇ ಕುಟುಂಬದವರು.

ಮದ್ದು ಉಲ್ಟಾ. ಜಿಎಫ್‌ಒ ತೆಗೆದೆ. ನೀರು ಬದಲಾಯಿಸುವುದನ್ನು ನಿಲ್ಲಿಸಿದೆ. ಮೀನಿಗೆ ಊಟ ಜಾಸ್ತಿ ಮಾಡಿದೆ. ನೈಟ್ರೇಟ್ 5 ದಾಟಿತು, ಫಾಸ್ಫೇಟ್ 0.05ಕ್ಕೆ ಬಂತು. ಆಸ್ಟ್ರಿಯೋಪ್ಸಿಸ್ ರಾತ್ರಿ ಕಲ್ಲು ಬಿಟ್ಟು ನೀರಿನಲ್ಲಿ ತೇಲುತ್ತದೆ. ಹಾಗಾಗಿ ಯುವಿ ದೀಪದ ಕೊಳವೆ ತಂದು, ಟ್ಯಾಂಕಿನ ನೀರನ್ನೇ ಅದರಲ್ಲಿ ಹಾಯಿಸಿ ಅಲ್ಲಿಗೇ ವಾಪಸ್ ಬಿಟ್ಟೆ. ಮರಳಿನಲ್ಲೇ ಉಳಿಯುವ ಆಂಫಿಡಿನಿಯಂ ಜಾತಿಗೆ ಈ ಯುವಿ ಹೆಚ್ಚು ಉಪಯೋಗವಿಲ್ಲ. ಅದಕ್ಕೇ ಯಾವ ಡೈನೋ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿಕೊಳ್ಳಬೇಕು. ಆರು ವಾರ ಹಿಡಿಯಿತು. ಹೋಗುವ ಹೊತ್ತಿಗೆ ಏನು ಬಂತು ಗೊತ್ತಾ? ಗಾಜಿನ ಮೇಲೆ ಸ್ವಲ್ಪ ಹಸಿರು ಪಾಚಿ. ನನ್ನ ಜೀವನದಲ್ಲಿ ಪಾಚಿ ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಹಾಗಾದರೆ ಊಟದ ಲೆಕ್ಕ ಸರಿ ಇದ್ದರೆ ಸಾಕಾ? ಸಾಲದು. ತಿನ್ನುವವರೂ ಬೇಕು. 1983ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಪಾಚಿ ಮೇಯುವ ಉದ್ದ ಮುಳ್ಳಿನ ಕಡಲ ಮುಳ್ಳುಚೆಂಡುಗಳಿಗೆ (ಸೀ ಅರ್ಚಿನ್) ರೋಗ ಬಂತು. ಪನಾಮಾದ ಕಡೆ ಶುರುವಾಗಿ ವರ್ಷವೊಂದರಲ್ಲಿ ಹೆಚ್ಚುಕಡಿಮೆ ಇಡೀ ಕೆರಿಬಿಯನ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತವು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು, 1980ರಲ್ಲಿ ದೊಡ್ಡ ಚಂಡಮಾರುತವೂ ಬಡಿದಿತ್ತು. ಉಳಿದಿದ್ದ ಒಬ್ಬ ಮೇಯುವವನೂ ಹೋದ. 1970ರ ದಶಕದ ಕೊನೆಯಲ್ಲಿ ಸಮುದ್ರದ ತಳದ ಅರ್ಧದಷ್ಟಿದ್ದ ಹವಳ 1990ರ ದಶಕದ ಆರಂಭದ ಹೊತ್ತಿಗೆ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ನೂರಕ್ಕೆ ನಾಲ್ಕಿದ್ದ ಪಾಚಿ ತೊಂಬತ್ತು ದಾಟಿತು. ಅಷ್ಟು ದೊಡ್ಡ ಸಮುದ್ರದ ಗತಿಯೇ ಹಾಗಾದರೆ ನನ್ನ 200 ಲೀಟರ್ ಯಾವ ಲೆಕ್ಕ.

ಬಸವನಹುಳು, ಸನ್ಯಾಸಿ ಏಡಿ, ಬ್ಲೆನಿ ಇವೆಲ್ಲ ಮೇಯುತ್ತವೆ. ಆದರೆ ಎಳೆ ಪಾಚಿಯನ್ನು. ಬೆರಳುದ್ದ ಬೆಳೆದ ಮೇಲೆ ಯಾರೂ ಬಾಯಿ ಹಾಕುವುದಿಲ್ಲ, ಬಲಿತ ಬೆಂಡೆಕಾಯಿ ನಾವು ತಿನ್ನುತ್ತೇವಾ? ಮೊದಲು ನೀವು ಉಜ್ಜಿ ಚಿಕ್ಕದು ಮಾಡಿ, ಉಜ್ಜುವಾಗಲೇ ಪೈಪ್ ಪಕ್ಕದಲ್ಲಿ ಹಿಡಿದು ಚೂರುಗಳನ್ನು ಹೊರಗೆ ಹೀರಿ, ಆಮೇಲೆ ಅವರಿಗೆ ಒಪ್ಪಿಸಿ. ಹಟಮಾರಿ ಜಾಗಕ್ಕೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಕಲ್ಲನ್ನು ಹೊರಗೆ ತೆಗೆದು ಹಚ್ಚಿ, ತೊಳೆದು ವಾಪಸ್ ಇಡುವುದು. ಈ ಹವ್ಯಾಸದವರು 3% ಅನ್ನುತ್ತಾರೆ. ನಮ್ಮಲ್ಲಿ ಸಿಗುವ ಬಾಟಲಿ ಹೆಚ್ಚಾಗಿ 6% ಇರುತ್ತದೆ, ಲೇಬಲ್ ನೋಡಿ, ಸಮ ಪಾಲು ಆರ್‌ಒ ನೀರು ಬೆರೆಸಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪಾಚಿ ಸಾಯಲಿ ಅಂತ ಟ್ಯಾಂಕಿನ ಕಲ್ಲನ್ನು ಅಡುಗೆಮನೆಯಲ್ಲಿ ಕುದಿಸಬೇಡಿ. ಕಲ್ಲಿನ ಮೇಲೆ ಪಾಲಿಥೋವಾ ಅನ್ನುವ ಬಟನ್ ಥರದ ಜೀವಿ ಇದ್ದರೆ ಅದರಲ್ಲಿ ಪಾಲಿಟಾಕ್ಸಿನ್ ಇರಬಹುದು, ಜಗತ್ತಿನ ಅತಿ ಘೋರ ವಿಷಗಳಲ್ಲಿ ಒಂದು. ಹಬೆಯ ಜೊತೆ ಮೂಗಿಗೆ ಹೋಗುತ್ತದೆ. ಹೊರದೇಶಗಳಲ್ಲಿ ಹೀಗೆ ಮಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಉಜ್ಜುವಾಗಲೂ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ.

ಮಾತು ಮುಗಿಸಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸುತ್ತೇನೆ.

ಥಾಣೆಯಿಂದ ಬಂದ ಒಬ್ಬ ಹುಡುಗ ಕೇಳಿದ: "ಅಂಕಲ್, ಜುಹುವಿನಿಂದ ಸಮುದ್ರದ ನೀರೇ ತಂದರೆ ಆಗಲ್ವಾ? ಉಪ್ಪಿನ ದುಡ್ಡು ಉಳಿಯುತ್ತೆ." ಬೇಡಪ್ಪ. ದಡದ ನೀರಿಗೆ ಊರಿನ ಮೋರಿ ಸೇರುತ್ತದೆ, ಮಳೆಗಾಲದಲ್ಲಿ ಉಪ್ಪೂ ಇಳಿಯುತ್ತದೆ. ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳು ಇಳಿತದ ಹೊತ್ತಿಗೆ ಹೇಗೆ ಹಸಿರಾಗಿರುತ್ತವೆ ನೋಡಿದ್ದೀಯಲ್ಲ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಹುಡಿ, ಸಾಂದ್ರತೆ 1.025. ಅಷ್ಟೇ.

ಪೊವಾಯಿಯ ಒಬ್ಬರು ಅಕ್ಕ ಹೇಳಿದ್ದು ಪ್ರಶ್ನೆಯಲ್ಲ, ಆದರೆ ನನಗಿಂತ ಚೆನ್ನಾಗಿ ಹೇಳಿದರು. "ನಮ್ಮ ಕೆರೆಯಲ್ಲೂ ಇದೇ ಅಲ್ವಾ? ಮಿಶಿನ್ ತಂದು ಜಲಪರ್ಣಿ ಕಳೆ ಎತ್ತುತ್ತಾರೆ, ಕೊಳಚೆ ಒಳಗೆ ಬರುತ್ತಲೇ ಇರುತ್ತದೆ, ಮತ್ತೆ ಬೆಳೆಯುತ್ತದೆ." ನನ್ನ ಮೋರಿ ಕಥೆಗಿಂತ ಇದನ್ನೇ ಹೇಳಬೇಕಿತ್ತು.

ದೀಪ ಎಷ್ಟು ಹೊತ್ತು ಅಂತ ಇನ್ನೊಬ್ಬರು ಕೇಳಿದರು. ನಾನು ಏಳು ಗಂಟೆ ಹಚ್ಚುತ್ತೇನೆ, ಟೈಮರ್ ಹಾಕಿ. ಕಿಟಕಿಯ ಬಿಸಿಲು ಬೀಳದ ಗೋಡೆಗೆ ಟ್ಯಾಂಕ್ ಇಡಿ.

ಕೊನೆಯಲ್ಲಿ ಮುಂದಿನ ಸಾಲಿನ ಹಿರಿಯರು ಕೈ ಎತ್ತಿದರು. "ತಮ್ಮಾ, ಈ ನೈಟ್ರೇಟು ಹೊರಗೆ ಹಾಕುವುದಕ್ಕೆ ಸುಲಭದ ದಾರಿ ಯಾವುದೂ ಇಲ್ಲವಾ?" ಇದೆ. ಪಾಚಿಯನ್ನೇ ಸಾಕುವುದು. ಟ್ಯಾಂಕಿನ ಕೆಳಗೆ ಅದಕ್ಕೇ ಜೋಡಿಸಿರುವ ಸಣ್ಣ ತೊಟ್ಟಿಯಲ್ಲಿ, ಅದನ್ನು ಸಂಪ್ ಅನ್ನುತ್ತಾರೆ, ಬೇರೆ ದೀಪ ಹಚ್ಚಿ ಕೀಟೋಮಾರ್ಫಾ ಅನ್ನುವ ಪಾಚಿ ಬೆಳೆಸುತ್ತೇನೆ. ನೋಡಲು ಪಾತ್ರೆ ಉಜ್ಜುವ ಹಸಿರು ನಾರಿನ ಉಂಡೆಯ ಹಾಗೆ. ಮೇಲಿನ ದೀಪ ಆರಿದ ಮೇಲೆ ರಾತ್ರಿ ಇದರ ದೀಪ ಹೊತ್ತುತ್ತದೆ. ನೈಟ್ರೇಟ್, ಫಾಸ್ಫೇಟ್ ತಿಂದು ಉಬ್ಬುತ್ತದೆ, ಎರಡು ವಾರಕ್ಕೊಮ್ಮೆ ಅರ್ಧ ಕಿತ್ತು ಹೊರಗೆ ತೆಗೆದರೆ ತಿಂದದ್ದೂ ಅದರ ಜೊತೆ ಹೊರಗೆ. ಕೆಲವರು ಇದೇ ಕೆಲಸಕ್ಕೆ ಕೌಲರ್ಪಾ ಇಡುತ್ತಾರೆ, ಅದರ ಬಗ್ಗೆ ಹುಷಾರು. 1984ರಲ್ಲಿ ಮೊನಾಕೊದ ಸಾಗರ ಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಅಕ್ವೇರಿಯಂನ ಒಂದು ಕೌಲರ್ಪಾ ಮೊದಲ ಬಾರಿ ಕಂಡಿತು, ಆಮೇಲೆ ಮೆಡಿಟರೇನಿಯನ್‌ನ ಎಷ್ಟೋ ಕಡೆ ಹಬ್ಬಿತು. ಯಾವ ಪಾಚಿಯನ್ನೂ ಸಮುದ್ರಕ್ಕೆ, ಗಟಾರಕ್ಕೆ ಎಸೆಯಬೇಡಿ. ಒಣಗಿಸಿ ಕಸಕ್ಕೆ ಹಾಕಿ.

ಅವತ್ತು ಬೆಳಿಗ್ಗೆ ಕಿತ್ತ ಕೀಟೋವನ್ನು ಐದು ಪ್ಲಾಸ್ಟಿಕ್ ಡಬ್ಬಗಳಲ್ಲಿ, ಮುಳುಗುವಷ್ಟು ಉಪ್ಪುನೀರು ಹಾಕಿ ತಂದಿದ್ದೆ. ಒಬ್ಬರಿಗೆ ಒಂದು ಮುಷ್ಟಿ. ಮನೆಗೆ ಹೋಗಿ ಬಿಳಿ ತಟ್ಟೆಯಲ್ಲಿ ಹರಡಿ, ಹಸಿರು ಗೋಲಿ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿಕೊಳ್ಳಿ ಅಂದೆ. ಒಂದು ಗಂಟೆ ಪಾಚಿ ಓಡಿಸುವ ಮಾತು ಕೇಳಿದವರು ಪಾಚಿಗೇ ಸಾಲು ನಿಂತರು. ಟ್ಯಾಂಕೇ ಇಲ್ಲದ ಆ ಹಿರಿಯರೂ ಒಂದು ಡಬ್ಬ ಇಸಿದುಕೊಂಡರು. ಸಾರಿಗೆ ಹಾಕಲು ಬರುತ್ತಾ ಅಂತ ಕೇಳಿದರು. ಗೊಬ್ಬರಕ್ಕೆ ಹಾಕಿ, ಮೊದಲು ಉಪ್ಪು ಹೋಗುವ ಹಾಗೆ ತೊಳೆಯಿರಿ ಅಂದೆ.